ಕಸ್ತೂರಮ್ಮ ಹೊಲಿದ ಬೆಲ್ಟು

ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ರಸ್ತೆಯಲ್ಲಿ ಊರು ದಾಟುವ ಮುನ್ನವೇ ಕೊಟ್ರಬಸಪ್ಪನ ಗ್ಯಾರೇಜು ಸಿಗುತ್ತಿತ್ತು. ಮುಂದಿನ ಅಂಗಳದಲ್ಲಿ ಅವನು ಲಾರಿ ಇಂಜಿನ್ನುಗಳನ್ನು ಬಿಚ್ಚುತ್ತಿದ್ದರೆ, ಪಕ್ಕದ ತಗಡಿನ ಶೆಡ್ಡಿನಲ್ಲಿ ಅವನ ಹೆಂಡತಿ ಕಸ್ತೂರಮ್ಮ ಸೀಟು ಹೊಲಿಯುತ್ತಿದ್ದಳು. ಮದುವೆಯಾಗಿ ಬಂದಾಗ ಅವಳಿಗೆ ರವಿಕೆ ಹೊಲಿಯುವಷ್ಟು ಮಾತ್ರ ಬರುತ್ತಿತ್ತು. ಕುಶನ್ ಕೆಲಸ ಮಾಡುತ್ತಿದ್ದ ಮಾವ ತೀರಿಕೊಂಡು, ಗಿರಾಕಿಗಳು ಒಬ್ಬೊಬ್ಬರಾಗಿ ದಾವಣಗೆರೆಯ ದಾರಿ ಹಿಡಿದಾಗ, ಅವಳು ಯಾರನ್ನೂ ಕೇಳದೆ ಅವರ ದೊಡ್ಡ ಮಿಷನ್ನಿನ ಮುಂದೆ ಹೋಗಿ ಕೂತಳು. ಮೊದಲ ಸೀಟು ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹೊಲಿದಳು. ಕೆಲವೇ ವರ್ಷಗಳಲ್ಲಿ ಜಗಳೂರಿನ ಲಾರಿಯವರೂ ಹುಡುಕಿಕೊಂಡು ಬರುವಂತಾಯಿತು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಅವಳ ತಮ್ಮ ಷಣ್ಮುಖಪ್ಪ ತವರೂರು ನಲ್ಲೂರಿನಿಂದ ಒಂದು ಕಾರು ತಂದು ಅಂಗಳದಲ್ಲಿ ನಿಲ್ಲಿಸಿದ. ಜಪಾನಿನ ಡಾಟ್ಸನ್. ಉದ್ದನೆಯ ಮೂತಿ, ಎರಡೇ ಸೀಟು, ಬಿಸಿಲಿಗೆ ಬಣ್ಣಗೆಟ್ಟ ಕಿತ್ತಳೆ ಮೈ. ಮದ್ರಾಸಿನಲ್ಲಿ ಕೆಲಸಕ್ಕಿದ್ದ ಯಾರೋ ವಿದೇಶಿ ಇಂಜಿನಿಯರು ಊರಿಗೆ ಮರಳುವಾಗ ಮಾರಿಹೋದದ್ದು. ಷಣ್ಮುಖ ಅಡಿಕೆ ಮಂಡಿಯ ಕೆಲಸಕ್ಕೆ ಮದ್ರಾಸಿಗೆ ಹೋದಾಗ, ಊರಾಚೆಯ ಹಳೆಯ ವಿಮಾನ ಪಟ್ಟಿಯಲ್ಲಿ ನಡೆಯುವ ಕಾರ್ ರೇಸ್ ನೋಡಿ ತಲೆ ಕೆಡಿಸಿಕೊಂಡು ಬಂದಿದ್ದ.

"ಭಾವ, ಇದನ್ನ ರೇಸಿಗೆ ರೆಡಿ ಮಾಡಾಕೆ ನಿಮ್ಮ ಕೈಲಿ ಆಗ್ತೈತಾ?" ಎಂದು ಕೇಳಿದ.

ಕೊಟ್ರಬಸಪ್ಪ ಬಾನೆಟ್ ಎತ್ತಿ ನೋಡಿದ. ಆರು ಸಿಲಿಂಡರು ಸಾಲಾಗಿ ಮಲಗಿದ್ದವು. ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಆಮೇಲೆ ಅದನ್ನು ಮುಟ್ಟಿದ. ಇನ್ನು ಇವರಿಬ್ಬರನ್ನೂ ತಡೆಯುವುದು ಸಾಧ್ಯವಿಲ್ಲವೆಂದು ಕಸ್ತೂರಮ್ಮನಿಗೆ ಆಗಲೇ ಗೊತ್ತಾಯಿತು.

ತಾಯಿ ಸತ್ತಾಗ ಷಣ್ಮುಖನಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಅವನು ಮರ ಹತ್ತಿದರೆ ಕೆಳಗೆ ಸೆರಗು ಹಿಡಿದು ನಿಲ್ಲುತ್ತಿದ್ದಳು. ಈಗ ಅವನಿಗೆ ಇಪ್ಪತ್ತಾರು ವರ್ಷ, ಮೀಸೆ ಬಂದಿತ್ತು, ಅವಳ ಎದೆಬಡಿತ ಮಾತ್ರ ಹಾಗೆಯೇ ಇತ್ತು.

ಕೆಲಸ ಶುರುವಾಯಿತು. ಶಕ್ತಿ ಹೆಚ್ಚಲೆಂದು ಇಂಜಿನ್ನಿನ ಹೆಡ್ಡನ್ನು ದಾವಣಗೆರೆಗೆ ಒಯ್ದು ಕೂದಲೆಳೆಯಷ್ಟು ಹೆರೆಸಿದರು. ಸ್ಪ್ರಿಂಗು ಕತ್ತರಿಸಿ ಕಾರನ್ನು ನೆಲಕ್ಕೆ ತಗ್ಗಿಸಿದರು. ಮುಂದಿನ ಬ್ರೇಕಿಗೆ ಗಾಳಿ ಹೋಗಲೆಂದು ಎಣ್ಣೆ ಡಬ್ಬಿಯ ತಗಡಿನಲ್ಲಿ ಕೊಳವೆ ಮಾಡಿದರು. ಕಾರು ಮಗುಚಿದರೆ ಚಾವಣಿ ಕುಸಿಯದಂತೆ ಒಳಗೆ ದಪ್ಪ ಪೈಪನ್ನು ಕಮಾನಿನಂತೆ ಬಗ್ಗಿಸಿ ವೆಲ್ಡ್ ಮಾಡಿದರು. ಉಳಿದದ್ದೆಲ್ಲ ತೂಕ ಕಳೆಯುವ ಕೆಲಸ. ಬಂಪರು, ರೇಡಿಯೊ, ನೆಲದ ಹಾಸು ಎಲ್ಲ ಕಿತ್ತು ಮೂಲೆಗೆ ಹಾಕಿದರು. ಕೊನೆಗೆ ಎರಡು ಸೀಟೂ ಹೊರಗೆ ಬಂದವು.

"ಅಕ್ಕ, ತೆಳ್ಳಗೆ ಒಂದು ಸೀಟು ಮಾಡಿಕೊಡು. ತಗಡಿನ ಮೇಲೆ ಒಂದೀಟು ಸ್ಪಂಜು ಹಾಕಿದ್ರೆ ಸಾಕು," ಎಂದ ಷಣ್ಮುಖ.

"ಸೀಟಲ್ಲಿ ನಿನ್ನನ್ನ ಹಿಡಿದುಕೊಳ್ಳೋದು ಏನು?"

"ಸ್ಟೇರಿಂಗ್ ಹಿಡ್ಕೊಂಡಿರ್ತೀನಲ್ಲ."

"ತಮಾಷೆ ಬ್ಯಾಡ. ಬೆಲ್ಟು?"

"ಬೆಂಕಿ ಹತ್ತಿದ್ರೆ ಹಾರಿಕೊಳ್ಳಾಕೆ ಬರಬೇಕಕ್ಕ. ಕಟ್ಟಿಕೊಂಡು ಕೂತ್ರೆ ಅಲ್ಲೇ ಸುಟ್ಟುಹೋಗ್ತೀನಿ."

ಕಸ್ತೂರಮ್ಮ ಕತ್ತರಿ ಕೆಳಗಿಟ್ಟಳು. "ಹಂಗಾದ್ರೆ ಸೀಟೂ ಇಲ್ಲ. ನೆಲದ ಮೇಲೆ ಕೂತ್ಕೊಂಡು ಓಡಿಸು ಹೋಗು."

ಷಣ್ಮುಖ ಭಾವನ ಮುಖ ನೋಡಿದ. ಕೊಟ್ರಬಸಪ್ಪ ಸ್ಪ್ಯಾನರ್ ಹುಡುಕುವವನಂತೆ ಬಗ್ಗಿಬಿಟ್ಟ. ಬೇರೆ ದಾರಿಯಿಲ್ಲದೆ ತಮ್ಮ ಒಪ್ಪಿಕೊಂಡ.

ಲಾರಿಗೆ ಸರಕು ಬಿಗಿಯುವ ಅಗಲ ನೈಲಾನ್ ಪಟ್ಟಿ ಮನೆಯಲ್ಲೇ ಇತ್ತು. ಸೊಂಟಕ್ಕೆ ಎರಡು, ಹೆಗಲಿಗೆ ಎರಡು ಪಟ್ಟಿ ಕತ್ತರಿಸಿ, ಆ ಸರಕಿನ ಪಟ್ಟಿಯ ಬಕಲನ್ನೇ ಹಾಕಿ, ಮಿಷನ್ನಿನಲ್ಲಿ ಹೊಲಿದಳು. ಪರೀಕ್ಷೆಗೆ ಜಗಳೂರು ಕಡೆಯ ರಸ್ತೆಯೇ ಆಗಬೇಕೆಂದ ಕೊಟ್ರಬಸಪ್ಪ. ಬಿಳಿಚೋಡು ದಾಟಿದರೆ ರಸ್ತೆ ನೆಟ್ಟಗೆ, ಕಣ್ಣು ಹರಿಯುವಷ್ಟು ದೂರ ಖಾಲಿ. ಬೆಳಕು ಹರಿಯುವ ಹೊತ್ತಿಗೆ ಮೂವರೂ ಅಲ್ಲಿದ್ದರು. ಡ್ರೈವರಿಗೆ ಹಳೆಯ ಸೀಟನ್ನೇ ಹಾಕಿ, ಪಕ್ಕದಲ್ಲಿ ಹೊಸ ಸೀಟು ಕೂರಿಸಿ, ಅದರಲ್ಲಿ ಮನುಷ್ಯನ ತೂಕದ ಮರಳಿನ ಚೀಲ ಇಟ್ಟು ಬೆಲ್ಟು ಬಿಗಿದರು. ಕುರಿ ಹಿಂಡೊಂದು ದಾಟಿ ಹೋಗುವವರೆಗೆ ಕಾದು, ಷಣ್ಮುಖ ಕಾರನ್ನು ಬಿಟ್ಟ. ಸದ್ದು ಮೊದಲು ಬಂತು, ಕಾರು ಆಮೇಲೆ. ಅವರ ಮುಂದೆ ಬಂದದ್ದೇ ಬ್ರೇಕನ್ನು ಬಲವಾಗಿ ತುಳಿದ. ಚಕ್ರಗಳು ಕಿರುಚಿದವು. ಒಳಗೆ ಪರ್ ಎಂದು ಏನೋ ಹರಿಯಿತು.

ಓಡಿಹೋಗಿ ನೋಡಿದರೆ ಚೀಲ ಡ್ಯಾಶ್ ಬೋರ್ಡನ್ನು ಒಡೆದು ಮುಂದಿನ ಗಾಜಿಗೆ ಬಡಿದಿತ್ತು. ಗಾಜಿನ ತುಂಬ ಬಿರುಕು, ನೆಲದ ತುಂಬ ಮರಳು. ಹೆಗಲಿನ ಪಟ್ಟಿಗಳು ಹೊಲಿಗೆಯ ಉದ್ದಕ್ಕೂ ಕಿತ್ತುಬಂದಿದ್ದವು.

ಷಣ್ಮುಖ ನಕ್ಕ. ಯಾರೂ ಜೊತೆಗೆ ನಗಲಿಲ್ಲ. ಕಸ್ತೂರಮ್ಮ ಬಿರುಕು ಬಿಟ್ಟ ಗಾಜನ್ನೇ ನೋಡುತ್ತಿದ್ದಳು. ಊರಿಗೆ ಮರಳುವ ದಾರಿಯುದ್ದಕ್ಕೂ ಆ ಹರಿದ ಪಟ್ಟಿ ಅವಳ ತೊಡೆಯ ಮೇಲಿತ್ತು.

ಹೊನ್ನಾಳಿಯ ಕೋಟೆ ಬೀದಿಯಲ್ಲಿ ಗಿಡ್ಡಪ್ಪ ಎಂಬ ಮುದುಕನಿದ್ದ. ಜಟಕಾ ಕುದುರೆಗಳ ಸಜ್ಜು ಹೊಲಿಯುವುದು ಅವನ ಕಸುಬು. ಅವಳು ಪಟ್ಟಿ ತೋರಿಸಿದಳು. ಅವನು ಉಗುರಿನಿಂದ ಹೊಲಿಗೆಯ ತೂತುಗಳನ್ನು ಸವರಿದ.

"ಅಡ್ಡಕ್ಕೆ ಒತ್ತೊತ್ತಾಗಿ ಹೊಲ್ದೀರಿ ತಾಯಿ. ತೂತೇ ಅದನ್ನ ಹರಿದೈತೆ. ಕುದುರೆ ಜಗ್ಗೋದು ಉದ್ದಕ್ಕೆ, ಹೊಲಿಗೆನೂ ಉದ್ದಕ್ಕೆ ಹೋಗಬೇಕು. ಮಿಷನ್ ಬ್ಯಾಡ, ಕೈಲಿ ಹೊಲೀರಿ. ದಾರಕ್ಕೆ ಮೇಣ ತಿಕ್ಕಿರಿ."

ಅವಳು ಅವನ ಎದುರೇ ಕೂತು ಕಲಿತಳು. ದಬ್ಬಳ ಬೆರಳಿಗೆ ಚುಚ್ಚಿ ಚುಚ್ಚಿ, ರೊಟ್ಟಿ ತಟ್ಟಲೂ ಆಗದ ಹಾಗಾಯಿತು. ಎರಡನೆಯ ಸಲ ಬಿಳಿಚೋಡಿನ ರಸ್ತೆಯಲ್ಲಿ ಚೀಲ ಅಲುಗಲಿಲ್ಲ. ಆದರೆ ಪಟ್ಟಿಯ ಬೋಲ್ಟು ಕಾರಿನ ನೆಲದ ತಗಡನ್ನೇ ಎಳೆದು ಬಗ್ಗಿಸಿತ್ತು. ಕೊಟ್ರಬಸಪ್ಪ ಕೆಳಗೆ ದಪ್ಪ ಉಕ್ಕಿನ ಪ್ಲೇಟು ಕೊಟ್ಟು ವೆಲ್ಡ್ ಮಾಡಿದ. ಇಷ್ಟು ದಿನ ತೂಕ ಕಳೆದದ್ದೆಲ್ಲ ವ್ಯರ್ಥವಾಯಿತೆಂದು ಷಣ್ಮುಖ ಸಿಟ್ಟುಮಾಡಿಕೊಂಡು ಊಟ ಬಿಟ್ಟು ನಲ್ಲೂರಿಗೆ ಹೋದ. ಮಾರನೇ ದಿನ ತಾನೇ ಬಂದ.

ಚಳಿಗಾಲದಲ್ಲಿ ಮದ್ರಾಸಿಗೆ ಹೊರಟಾಗ ಕಸ್ತೂರಮ್ಮ ತಾನೂ ಬರುತ್ತೇನೆಂದಳು. ಗಂಡಸರ ಜಾತ್ರೆಯಲ್ಲಿ ನಿನಗೇನು ಕೆಲಸ ಎಂದು ಯಾರೂ ಕೇಳಲಿಲ್ಲ, ಕೇಳುವ ಧೈರ್ಯವಿರಲಿಲ್ಲ.

ಅಲ್ಲಿ ಪೆಟ್ರೋಲಿನ ವಾಸನೆ, ಸುಟ್ಟ ಟೈರಿನ ಹೊಗೆ, ಕಿವಿ ಗುಂಯ್ಗುಡುವ ಸದ್ದು. ಅಭ್ಯಾಸದ ಓಟ ಮುಗಿಸಿ ಷಣ್ಮುಖ ಬಂದು ನಿಂತಾಗ ಅವಳು ಕಿಟಕಿಯಲ್ಲಿ ಇಣುಕಿದಳು. ಹೆಗಲಿನ ಪಟ್ಟಿಗಳು ಸೀಟಿನ ಹಿಂದೆ ಸುತ್ತಿಟ್ಟಂತೆಯೇ ಇದ್ದವು.

"ಅವನ್ನ ಹಾಕ್ಕೊಂಡ್ರೆ ಗೇರು ಎಟುಕಲ್ಲ ಅಕ್ಕ. ಸೊಂಟದ್ದು ಹಾಕ್ಕೊಂಡಿದೀನಿ."

ಅವಳು ತನ್ನ ಚೀಲದಿಂದ ಚೂರಿ ತೆಗೆದು, ಪಟ್ಟಿ ಉದ್ದ ಸಾಲುವಂತೆ ಮಡಿಕೆಯ ಹೊಲಿಗೆ ಬಿಚ್ಚಿ, ಅಲ್ಲೇ ಮಣ್ಣಿನಲ್ಲಿ ಕೂತು ಮತ್ತೆ ಹೊಲಿದಳು. ರೇಸಿಗೆ ಕರೆದಾಗ ಸುತ್ತ ನಿಂತಿದ್ದ ಹೆಲ್ಮೆಟ್ಟಿನವರೆಲ್ಲ ನೋಡುತ್ತಿರುವಂತೆಯೇ ತಾನೇ ಬಗ್ಗಿ ನಾಲ್ಕೂ ಪಟ್ಟಿ ಬಿಗಿದಳು. ಷಣ್ಮುಖನ ಕಿವಿ ಕೆಂಪಾಯಿತು. "ಬಿಡಕ್ಕ, ಸಾಕು," ಎಂದ.

ಅರ್ಧ ರೇಸು ಕಳೆದಿತ್ತು. ಕಿತ್ತಳೆ ಕಾರು ಇಬ್ಬರನ್ನು ಹಿಂದೆ ಹಾಕಿ ಮೂರನೆಯವನನ್ನು ಅಟ್ಟಿಸಿಕೊಂಡು ತಿರುವಿಗೆ ಬಂತು. ಮುಂದಿನ ಎಡ ಟೈರು ಸಿಡಿಯಿತು. ಕಾರು ಪಕ್ಕಕ್ಕೆ ಜಾರಿ, ಅಂಚಿಗೆ ಒಟ್ಟಿದ್ದ ಹುಲ್ಲಿನ ಪೆಂಡಿಗಳಿಗೆ ಬಡಿದು, ಮೇಲೆದ್ದು ಮಗುಚಿತು. ಮತ್ತೊಮ್ಮೆ ಉರುಳಿ, ಚಾವಣಿಯ ಮೇಲೆ ನಿಂತಿತು. ಹಿಂದಿನ ಚಕ್ರ ತಿರುಗುತ್ತಲೇ ಇತ್ತು.

ಕಸ್ತೂರಮ್ಮ ಓಡಿದಳು. ಬಾವುಟದವನೊಬ್ಬ ಕೈ ಅಡ್ಡ ಹಿಡಿದ. ಅವನನ್ನು ತಳ್ಳಿದಳು. ಚಪ್ಪಲಿ ಎಲ್ಲಿ ಕಳಚಿತೋ ತಿಳಿಯಲಿಲ್ಲ. ಕೊಟ್ರಬಸಪ್ಪ ಅವಳ ಹಿಂದೆಯೇ ಇದ್ದ.

ಷಣ್ಮುಖ ತಲೆಕೆಳಗಾಗಿ ಬೆಲ್ಟಿನಲ್ಲಿ ನೇತಾಡುತ್ತಿದ್ದ. ಬದುಕಿದ್ದ. ಎರಡೂ ಕೈಯಿಂದ ಬಕಲನ್ನು ಕೀಳುತ್ತಿದ್ದ.

"ಬರ್ತಿಲ್ಲ ಅಕ್ಕ! ಬಿಡ್ತಿಲ್ಲ ಇದು!"

ಜಗ್ಗಿದಷ್ಟೂ ಬಿಗಿಯಾಗುವ ಬಕಲ್ ಅದು. ಅವನ ಮೈಭಾರವೆಲ್ಲ ಅದರ ಮೇಲಿತ್ತು. ಎಲ್ಲಿಂದಲೋ ಪೆಟ್ರೋಲು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಬೆಂಕಿ ಹತ್ತಿದರೆ ಅಲ್ಲೇ ಸುಟ್ಟುಹೋಗ್ತೀನಿ ಎಂದು ಅವನು ಹೇಳಿದ್ದು ಇದನ್ನೇ. ಕಟ್ಟಿದವಳು ತಾನು.

ಅವಳು ಒಡೆದ ಕಿಟಕಿಯಲ್ಲಿ ಅರ್ಧ ಮೈ ತೂರಿಸಿದಳು. "ರೀ, ಅವನ ಹೆಗಲು ಎತ್ತಿ ಹಿಡೀರಿ. ಬಿಡಬ್ಯಾಡ್ರಿ!" ಎಂದು ಕೂಗಿದಳು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಚೂರಿಯನ್ನು ಬಿಗಿದ ಪಟ್ಟಿಗೆ ಇಟ್ಟು ಎಳೆದಳು. ಸೊಂಟದ್ದು ಟಪ್ಪೆಂದು ಹರಿಯಿತು. ಹೆಗಲಿನದು ಒಂದು ಹರಿಯಿತು. ಇನ್ನೊಂದಕ್ಕೆ ಕೈ ಎಟುಕಲಿಲ್ಲ. ಕೊರಳನ್ನು ಗಾಜಿನ ಅಂಚಿಗೆ ಒತ್ತಿ ಇನ್ನಷ್ಟು ಒಳಗೆ ಹೋದಳು. ಅದೂ ಹರಿದಾಗ ಷಣ್ಮುಖ ಕೊಟ್ರಬಸಪ್ಪನ ತೋಳಿಗೆ ಬಿದ್ದ. ಎಳೆದುಕೊಂಡು ದೂರ ಬಂದ ಮೇಲೆ, ಯಾರೋ ಮರಳಿನ ಬಕೆಟ್ಟು ಹಿಡಿದು ಕಾರಿನತ್ತ ಓಡಿದರು. ಬೆಂಕಿ ಹತ್ತಲಿಲ್ಲ.

ಅವನ ಒಂದು ಕಡೆಯ ಹೆಗಲೆಲುಬು ಮುರಿದಿತ್ತು, ಅಷ್ಟೇ. ಬೆಲ್ಟು ಇಲ್ಲದಿದ್ದರೆ ಹೆಣ ಸಿಗುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ಎಲ್ಲರೂ ಅವಳನ್ನು ಹೊಗಳಿದರು. ಅವಳ ಕಿವಿಯಲ್ಲಿ ಆ ತೊಟ್ಟಿಕ್ಕುವ ಸದ್ದೇ ಇತ್ತು. ಊರಿಗೆ ಬಂದವಳು ಬಹಳ ದಿನ ಮಿಷನ್ ಮುಟ್ಟಲಿಲ್ಲ.

ಮಳೆಗಾಲ ಕಳೆದು, ಕೊಟ್ರಬಸಪ್ಪ ಮಗುಚಿದ ಕಾರನ್ನು ತಟ್ಟಿ ಸರಿಮಾಡಿದ ಮೇಲೆ ಷಣ್ಮುಖ ಮತ್ತೆ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತ.

"ಇನ್ನೊಂದ್ಸಲ ಓಡಿಸ್ಬೇಕು ಅಕ್ಕ. ಇಲ್ಲಾಂದ್ರೆ ನಾನು ಹೆದರಿಕೊಂಡೇ ಇರ್ತೀನಿ."

ಬೈಯಬೇಕೆಂದು ಬಾಯಿ ತೆರೆದವಳು ಅವನ ಮುಖ ನೋಡಿ, "ನಾನು ಹೇಳಿದಂಗೆ ಮಾಡಂಗಿದ್ರೆ ಮಾತ್ರ," ಎಂದಳು.

ಒಂದು ಪಿನ್ನು ಎಳೆದರೆ ನಾಲ್ಕೂ ಪಟ್ಟಿ ಒಟ್ಟಿಗೆ ಬಿಡುವಂಥ ಬಕಲನ್ನು ಗಂಡನಿಂದ ಮಾಡಿಸಿದಳು. ಇಂಜಿನ್ ಎತ್ತುವ ಚೈನ್ ಪುಲ್ಲಿಗೆ ಸೀಟನ್ನು ತಲೆಕೆಳಗಾಗಿ ತೂಗುಹಾಕಿಸಿ, ಅದರಲ್ಲಿ ತಮ್ಮನನ್ನು ಕಟ್ಟಿದಳು. ಕೆಳಗೆ ಲಾರಿಯ ಹಳೆಯ ಕುಶನ್ನುಗಳನ್ನು ಒಟ್ಟಿದಳು.

"ಎಳಿ."

ಎಳೆದ. ಪಿನ್ನು ಕಚ್ಚಿಕೊಂಡಿತು. ಮುಖ ಕೆಂಪೇರಿ, "ಇಳಸ್ರೀ ಭಾವ!" ಎಂದು ಕೂಗಿದ. ಇಳಿಸಿದರು. ಕೊಟ್ರಬಸಪ್ಪ ಪಿನ್ನನ್ನು ಅರದಿಂದ ಉಜ್ಜಿ ನುಣುಪು ಮಾಡಿದ. ಮತ್ತೆ ಏರಿಸಿದರು, ಮತ್ತೆ ಕಚ್ಚಿತು. ಹೀಗೆ ಆ ವಾರವೆಲ್ಲ ಅವನನ್ನು ಏರಿಸಿ ಇಳಿಸಿದರು. ರಸ್ತೆಯಲ್ಲಿ ಹೋಗುವ ಬಸ್ಸಿನವರು ನಿಧಾನ ಮಾಡಿ ನೋಡುತ್ತಿದ್ದರು. ಕೊನೆಗೊಂದು ಸಂಜೆ ಪಿನ್ನು ಎಳೆದದ್ದೇ ಷಣ್ಮುಖ ದಬ್ಬೆಂದು ಕುಶನ್ನಿನ ಮೇಲೆ ಬಿದ್ದ. ಕಸ್ತೂರಮ್ಮ ಮತ್ತೆ ಕಟ್ಟಿಸಿದಳು. ಮತ್ತೆ ಬಿದ್ದ. ಎಡಗೈಯಲ್ಲಿ ಎಳೆಯಲು ಹೇಳಿದಳು. ಆಗಲೂ ಬಿದ್ದ.

"ಈಗ ಹೋಗು," ಎಂದಳು.

ಮದ್ರಾಸಿಗೆ ಈ ಸಲ ಅವಳು ಹೋಗಲಿಲ್ಲ. ರೇಸಿನ ದಿನ ಜಗಳೂರಿನ ಲಾರಿಯೊಂದರ ಸೀಟು ಬಿಚ್ಚಿ ಹರಡಿಕೊಂಡು ಕೂತಿದ್ದಳು. ಸಂಜೆ ಪಕ್ಕದ ಅಕ್ಕಿ ಗಿರಣಿಯ ಫೋನಿಗೆ ಟ್ರಂಕಾಲ್ ಬಂತು. ಆ ಕಡೆಯಿಂದ ಗಂಡ ಏನೇನೋ ಕೂಗುತ್ತಿದ್ದ.

"ಕಾರು ಚಕ್ರದ ಮೇಲೆ ನಿಂತೈತೇನ್ರಿ?" ಎಂದು ಕೇಳಿದಳು.

"ನಿಂತೈತೆ. ಆರನೇ ನಂಬರಿಗೆ ಬಂದ. ಇಲ್ಲೇ ಮೊಸರನ್ನ ತಿಂತಾ ಕೂತಾನೆ."

ಗಿರಣಿಯವರು ರೇಸಿನಲ್ಲಿ ಏನಾಯಿತು, ಗೆದ್ದನಾ ಎಂದು ಕೇಳಿದರು. "ಊಟ ಮಾಡ್ತಾ ಇದಾನಂತೆ," ಎಂದು ಹೇಳಿ ಕಸ್ತೂರಮ್ಮ ಶೆಡ್ಡಿಗೆ ವಾಪಸು ಬಂದಳು.