ಅಪ್ಪನನ್ನು ಎಬ್ಬಿಸುತ್ತಿದ್ದವಳು

ಇವತ್ತು ಪೀಣ್ಯದಲ್ಲಿ ಬಸ್ಸಿನ ಕಿಟಕಿಯಿಂದ ಲೇತ್ ಮಿಷಿನ್ನಿನ ಎಣ್ಣೆ ವಾಸನೆ ಬಂತು. ಅಪ್ಪನೇ ಬಂದ ಹಾಗಾಯಿತು.

ಲೇತ್ ಕೆಲಸದ ಅಪ್ಪ ಫಸ್ಟ್ ಶಿಫ್ಟ್ ತಪ್ಪಿಸಿದವನಲ್ಲ. ಬಾಗಲಗುಂಟೆಯ ನಮ್ಮ ವಠಾರದವರು "ಏನ್ ಶಿಸ್ತು ಕಣ್ರೀ ನಿಮ್ದು!" ಎಂದರೆ, "ಶಿಸ್ತೂ ಇಲ್ಲ, ಗಿಸ್ತೂ ಇಲ್ಲ. ಬೆಳಿಗ್ಗೆ ಸೈಕಲ್ಲಲ್ಲಿ ಒಂದ್ ರೌಂಡ್ ಹೊಡೆಸ್ದೆ ಪುಟ್ಟಿ ಬಿಡಲ್ಲ" ಎನ್ನುತ್ತಿದ್ದ. ಪುಟ್ಟಿ ನನ್ನ ತಂಗಿ.

ಅವಳು ಜ್ವರದಲ್ಲಿ ತೀರಿಕೊಂಡ ಮೇಲೆ ಅಪ್ಪ ಚಾಪೆ ಬಿಟ್ಟು ಏಳಲಿಲ್ಲ. "ಮನ್ಸು ಗಟ್ಟಿ ಮಾಡ್ಕೊಳ್ರೀ, ಕೆಲ್ಸ ಹೋಗತ್ತೆ" ಎಂದು ಅಮ್ಮ ಅತ್ತಳು. ಬಂದವರೆಲ್ಲ ಬುದ್ಧಿ ಹೇಳಿದರು, ಕಾಫಿ ಕುಡಿದರು, ಹೋದರು.

ಒಂದು ಬೆಳಿಗ್ಗೆ ನಾನೇ ಸೈಕಲ್ಲಿನ ಕಂಬಿ ಹತ್ತಿ ಕೂತು, "ಅಪ್ಪಾ, ರೌಂಡು" ಎಂದು ಕೂಗಿದೆ.

"ಕಾಲ್ ನೆಲಕ್ಕೆ ತಾಗುತ್ತಲ್ಲೋ ಕತ್ತೆ" ಎನ್ನುತ್ತಾ ಎದ್ದು ಬಂದ. ರಸ್ತೆಯ ತುದಿಯವರೆಗೂ ಅಳುತ್ತಲೇ ತುಳಿದ.

ಮರುದಿನ ನಸುಕಿನಲ್ಲಿ ಅವನೇ ನನ್ನನ್ನು ಅಲುಗಾಡಿಸಿದ: "ಏಳೋ, ಹೊತ್ತಾಯ್ತು."

ಬಸ್ಸು ನನ್ನ ಸ್ಟಾಪು ದಾಟಿ ಹೋಗಿದೆ. ಮುಖ ಯಾರಿಗೂ ಕಾಣದ ಹಾಗೆ ಕಿಟಕಿಯ ಕಡೆಗೇ ತಿರುಗಿ ಕೂತಿದ್ದೇನೆ.