ನೌಕೆಯ ಸೈರನ್ನಿಗೆ ಅಪ್ಪ ಡ್ಯೂಟಿಗೆ ಹೊರಟದ್ದು

ನಾನು ಚಿಕ್ಕವಳಿದ್ದಾಗ ನೋಡುತ್ತಿದ್ದ ಬಾಹ್ಯಾಕಾಶ ಧಾರಾವಾಹಿಯ ಒಂದು ಕಂತು ಇಂಟರ್ನೆಟ್ಟಿನಲ್ಲಿ ಪೂರ್ತಿ ಸಿಕ್ಕಿದೆ. ತಿಳಿಸಿದವನು ಶಿವಮೊಗ್ಗದ ಗೋಪಾಳ ಬಡಾವಣೆಯಲ್ಲಿರುವ ತಮ್ಮ. ಅದರ ಕೊನೆಯ ಐದು ನಿಮಿಷ ನಾನು ನೋಡಿರಲಿಲ್ಲ.

ಆಗ ನಾವಿದ್ದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಅಲ್ಲಿ ಏಳುವುದು, ಉಣ್ಣುವುದು, ಕೆಲಸಕ್ಕೆ ಹೊರಡುವುದು ಎಲ್ಲವೂ ಸೈರನ್ ಕೇಳಿಯೇ. ಆ ಭಾನುವಾರ ಬೆಳಿಗ್ಗೆ, ಮಧ್ಯಾಹ್ನದ ಪಾಳಿಯಿದ್ದ ಅಪ್ಪ ಒಳಗೆ ಮಲಗಿದ್ದರು. ಟಿವಿಯಲ್ಲಿ ಎಣ್ಣೆ ಡಬ್ಬದಂಥ ರೋಬೋಟುಗಳು ಬೆಳ್ಳಿ ಅಂಗಿಯ ಕ್ಯಾಪ್ಟನ್‌ನನ್ನು ಜ್ವಾಲಾಮುಖಿಯ ಅಂಚಿನಲ್ಲಿ ಕಟ್ಟಿಹಾಕಿದ್ದವು. ಅವನ ನೌಕೆಯ ಸೈರನ್ ಮೊಳಗಿತು. ಅಪ್ಪ ದಡಬಡನೆ ಎದ್ದವರು, ಎರಡು ಗಂಟೆಯಾಯಿತೆಂದು ಬನಿಯನ್ನಿನಲ್ಲೇ ಸೈಕಲ್ ಹತ್ತಿ ಹೋದರು.

“ಓಡೇ, ಅಪ್ಪನ್ನ ಕರ್ಕೊಂಡ್ ಬಾ,” ಎಂದರು ಅಮ್ಮ.

“ಅವನ್ನ ಈಗ್ಲೇ ಸುಡ್ತಾರಮ್ಮ.”

“ಮುಂದಿನ ವಾರಾನೂ ಬರ್ತಾನೆ ಬಿಡು. ಹೋಗೇ ಮಾರಾಯ್ತಿ.”

ಕಾರ್ಖಾನೆ ಗೇಟಿನವರೆಗೂ ಓಡಿದೆ. ಕಾವಲಿನ ಮುರುಗೇಶಣ್ಣ ಅಪ್ಪನನ್ನು ತಡೆದು ನಿಲ್ಲಿಸಿದ್ದರು. “ಏನ್ ಸಾರ್, ಇವತ್ತು ಇದೇ ಯೂನಿಫಾರಮ್ಮಾ?”

ನಾನು ವಿಷಯ ಹೇಳಿದೆ. ಅಪ್ಪ ನನ್ನನ್ನು ಸೈಕಲ್ಲಿನ ಬಾರ್ ಮೇಲೆ ಕೂರಿಸಿ, “ಗಟ್ಟಿ ಹಿಡ್ಕೋ, ಮುಗಿಯೋದ್ರೊಳಗೆ ಹೋಗ್ಬಿಡೋಣ,” ಎಂದು ಉಸಿರು ಬಿಗಿಹಿಡಿದು ತುಳಿದರು. ಮನೆ ತಲುಪಿದಾಗ ಸೋಪಿನ ಜಾಹೀರಾತು ಬರುತ್ತಿತ್ತು.

“ಹೆಂಗೆ ತಪ್ಪಿಸ್ಕೊಂಡ್ನಮ್ಮ?”

“ಒಲೆ ಮೇಲೆ ಹಾಲಿತ್ತು ಕಣೇ, ನಾನೆಲ್ಲಿ ನೋಡ್ಲಿ?”

ತಮ್ಮ ಇನ್ನೂ ತೊಟ್ಟಿಲಲ್ಲಿದ್ದ. ಮುಂದಿನ ವಾರ ಕ್ಯಾಪ್ಟನ್ ಸುಖವಾಗಿ ಬಂದ. ಪಾರಾದದ್ದು ಹೇಗೆಂದು ಯಾರೂ ಹೇಳಲಿಲ್ಲ.

ಈಗ, ತಾವು ಬರುವವರೆಗೆ ಆ ಕಂತನ್ನು ಯಾರೂ ನೋಡಕೂಡದೆಂದು ಅಪ್ಪ ಫೋನಿನಲ್ಲಿ ಹೇಳಿದ್ದಾರೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವರು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರುತ್ತಾರೆ.