ಹಂಡೆ ಒಲೆಗೆ ಹಾಕಿದ ಹಾಲಿನ ಕವರು

ಹಾಸ್ಟೆಲಿನ ಹಾಲಿನ ಕವರುಗಳನ್ನು ಸುಟ್ಟವಳು ನಾನು. ಗಿರಿಜ ಅಲ್ಲ.

ಸಿಂಚನಾ, ಪ್ರಜ್ವಲ್ — ಇದನ್ನು ನಿಮಗೆ ಎದುರಿಗೇ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಆಗಲಿಲ್ಲ. ಮಾತಿಗೆ ನಾನು ಯಾವಾಗಲೂ ಹಿಂದೆ. ಊರ ಶಾಲೆಯಲ್ಲಿ ಕಲಿತ ಅಕ್ಷರವೇ ಈಗ ಕೈ ಹಿಡಿಯಬೇಕು.

ಕಳೆದ ವಾರ ಸಿಂಚನಾ ಕಾಲೇಜಿನಿಂದ ಬಂದವಳೇ, "ಅಜ್ಜಿ, ನಮ್ ಪರಿಸರ ಸಂಘದವ್ರು ನಿನ್ನ ಕರೀತಿದಾರೆ. ಪ್ಲಾಸ್ಟಿಕ್ ಹೊರಗೆ ಎಸೆಯದ ಹಾಸ್ಟೆಲ್ ಅಂತ ಮೊದಲು ಮಾಡಿದ್ದು ನಿಮ್ ಕಾಲದಲ್ಲೇ ಅಂತೆ. ಬಂದು ಹೇಳ್ಬೇಕು ನೀನು" ಎಂದಳು. ಅವಳ ಮುಖದಲ್ಲಿ ಎಷ್ಟು ಹೆಮ್ಮೆ! ನಾನು ಹಲಸಿನ ಬೀಜ ಸುಲಿಯುತ್ತಾ ತಲೆ ತಗ್ಗಿಸಿದೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಮೂಡಿಗೆರೆಯ ಅದೇ ಕಾಲೇಜಿನ ಹುಡುಗಿಯರ ಹಾಸ್ಟೆಲಿನಲ್ಲಿ ನಾನು ಅಡಿಗೆಗೆ ಸೇರಿದ್ದೆ. ಬೆಳಗ್ಗೆ ಸ್ನಾನದ ನೀರು ಕಾಯಿಸುವುದೂ ನನ್ನ ಪಾಲಿನ ಕೆಲಸ. ಕಳಸದ ಕಡೆಯ ಕಾವ್ಯ ಎಂಬ ವಿದ್ಯಾರ್ಥಿನಿ ಒಂದು ವರ್ಷ ಇಡೀ ಹಾಸ್ಟೆಲನ್ನೇ ತಿದ್ದಲು ಹೊರಟಳು. ತರಕಾರಿ ಸಿಪ್ಪೆಗೆ ಗೊಬ್ಬರದ ಗುಂಡಿ, ಪಾತ್ರೆ ತೊಳೆದ ನೀರು ಬಾಳೆಯ ಬುಡಕ್ಕೆ, ಒಲೆಯ ಬೂದಿ ಹರಿವೆ ಸೊಪ್ಪಿನ ಮಡಿಗೆ. ಹಾಲಿನ ಕವರುಗಳನ್ನು ತೊಳೆದು, ಹಗ್ಗಕ್ಕೆ ಒಣಹಾಕಿ, ಚೀಲದಲ್ಲಿ ಕೂಡಿಡಬೇಕು. ತಿಂಗಳಿಗೊಮ್ಮೆ ಗಾಡಿ ಬಂದು ಒಯ್ಯುತ್ತದೆ. "ಒಂದೇ ಒಂದು ಕವರೂ ಕಳೀಬಾರ್ದು ಆಂಟಿ, ಆಯ್ತಾ?" ಎಂದಿದ್ದಳು. ಆಯ್ತು ಎಂದಿದ್ದೆ. ನಡೆಯಿತೂ ಕೂಡ — ಮಳೆ ಹಿಡಿಯುವವರೆಗೆ.

ತೋಟದ ಸಿಲ್ವರ್ ಮರದ ಹಸಿ ಸೌದೆ ಮಳೆಯಲ್ಲಿ ಹೊತ್ತುವುದುಂಟೆ? ನಮ್ಮ ಕಡೆ ಹಂಡೆ ಒಲೆ ಹಚ್ಚುವವರೆಲ್ಲ ಮಾಡುವುದನ್ನೇ ನಾನೂ ಮಾಡಿದೆ — ಒಂದು ಕವರಿಗೆ ಕಡ್ಡಿ ಗೀರಿ ಸೌದೆಯಡಿಗೆ ತಳ್ಳಿದೆ. ಒಂದು ದಿನ ಎರಡು, ಮರುದಿನ ನಾಲ್ಕು. ಒಣ ಸೌದೆ ಕೊಡಿಸಿ ಎಂದು ವಾರ್ಡನ್ ಮೇಡಂ ಹತ್ತಿರ ಕೇಳಬಹುದಿತ್ತು. ಕೇಳಲು ಸಂಕೋಚ. ಅಷ್ಟೇ ಆಗಿದ್ದರೆ ತಿಳಿಯದೆ ಮಾಡಿದ್ದು ಎನ್ನಬಹುದಿತ್ತೇನೋ... ಆದರೆ ಬೂದಿಯಲ್ಲಿ ಕರಗಿದ ಕಪ್ಪು ಗಂಟುಗಳು ಕಾಣಬಾರದೆಂದು ಜರಡಿ ಹಿಡಿದು ಸೊಪ್ಪಿನ ಮಡಿಗೆ ಕೊಡುತ್ತಿದ್ದೆನಲ್ಲ! ಆ ಬೂದಿ ಉಂಡು ಬೆಳೆದ ಸೊಪ್ಪನ್ನೇ ಆ ಮಕ್ಕಳಿಗೆ ಸಾರು ಮಾಡಿ ಬಡಿಸಿದೆ.

ಚೀಲ ತುಂಬಲಿಲ್ಲ. ಕಾವ್ಯ ದೂರಿದಳು. ವಾರ್ಡನ್ ಅಡಿಗೆಮನೆಗೇ ಬಂದರು.

"ಕವರೆಲ್ಲ ಎಲ್ಲಿ ಹೋಗ್ತಿದೆ ಲಲಿತಮ್ಮ?"

"ನಂಗೇನ್ ಗೊತ್ತು ಮೇಡಂ... ಹಿತ್ಲು ಕಡೆ ಗುಡ್ಸೋದು ಗಿರಿಜ —"

ಅಷ್ಟೇ. ಮಾತು ಮುಗಿಸಲೂ ಇಲ್ಲ. ಉಳಿದದ್ದನ್ನು ಅವರೇ ಮುಗಿಸಿಕೊಂಡರು. ಕವರುಗಳನ್ನು ಹಳ್ಳಕ್ಕೆ ಎಸೆಯುತ್ತಾಳೆಂದು ಗಿರಿಜಳನ್ನು ಹುಡುಗಿಯರೆಲ್ಲರ ಎದುರು ಬೈದು, ಹಾಸ್ಟೆಲಿನಿಂದ ಬಿಡಿಸಿ, ಕಾಲೇಜಿನ ಪಾಯಿಖಾನೆ ತೊಳೆಯಲು ಹಾಕಿದರು. ಹಾಸ್ಟೆಲಿನಲ್ಲಿ ಸಿಗುತ್ತಿದ್ದ ಮಧ್ಯಾಹ್ನದ ಬಿಸಿ ಊಟವೂ ಅವಳಿಗೆ ತಪ್ಪಿತು. ಎದುರು ಕಟ್ಟಡದ ಮೆಟ್ಟಿಲಲ್ಲಿ ಕೂತು ತಣ್ಣನೆಯ ಬುತ್ತಿ ಉಣ್ಣುವುದು ನನ್ನ ಕಿಟಕಿಗೆ ಕಾಣುತ್ತಿತ್ತು.

ಹೆದರಿ, ಅಂದಿನಿಂದ ಕವರು ಸುಡುವುದು ಬಿಟ್ಟೆ. ಸೌದೆಯನ್ನು ಹಿಂದಿನ ದಿನವೇ ಒಲೆಯ ಪಕ್ಕ ಒಣಗಿಸಿಟ್ಟೆ — ಅಷ್ಟು ಸುಲಭವಿತ್ತು! ಚೀಲ ತುಂಬಿತು. ಅದೇ ಗಿರಿಜಳ ತಪ್ಪಿಗೆ ಸಾಕ್ಷಿಯಾಯಿತು.

ಈಗ ನನಗೇನೂ ಕೊರತೆಯಿಲ್ಲ, ಮಕ್ಕಳೇ. ನೀವಿದ್ದೀರಿ. ಕಾವ್ಯ ಕಲಿಸಿದ ಗೊಬ್ಬರದ ಗುಂಡಿ ನಮ್ಮ ಹಿತ್ತಲಲ್ಲೂ ಇದೆ. ಸಂಜೆ ಅದರ ಪಕ್ಕದ ಬಸಳೆಗೆ ನೀರು ಹಾಕುವಾಗ ಮನಸ್ಸು ತುಂಬಿರುತ್ತದೆ. ಆ ತುಂಬಿದ ಮನಸ್ಸಿನಲ್ಲಿ ಇದೊಂದು ಗಂಟು...

ನಿನ್ನೆ ಬಸ್ಸು ಹತ್ತಿ ಗೋಣಿಬೀಡಿಗೆ, ಗಿರಿಜಳ ಮನೆಗೆ ಹೋದೆ. ವಾರ್ಡನ್‌ಗೆ ಅಂದ ಅರ್ಧ ಮಾತಿನ ಸಮೇತ ಎಲ್ಲ ಹೇಳಿದೆ. ಅವಳು ನಕ್ಕುಬಿಟ್ಟಳು.

"ಅಯ್ಯೋ ಅಕ್ಕ, ಅದೇನ್ ಗುಟ್ಟಾ? ನೀವು ಜರಡಿ ಹಿಡ್ದು ಎಸೀತಿದ್ದ ಕರಿ ಗಂಟು ಗುಡ್ಸಿದ್ಯಾರು, ನಾನೇ ಅಲ್ವಾ!"

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ಮಾರಾಯ್ತಿ?"

"ಹೇಳಿದ್ರೆ ಯಾರ್ ನಂಬ್ತಿದ್ರು? ನೀವು ಅನ್ನ ಹಾಕೋರು, ನಾನು ಕಸ ಗುಡ್ಸೋಳು." ನಗು ನಿಂತಿತ್ತು. "ಕಾಫಿ ಕುಡೀರಿ, ಆರ್ತದೆ."

ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ. ಕಾಲೇಜಿಗೆ ಜೊತೆಗೆ ಬರುತ್ತೀಯಾ ಎಂದಷ್ಟೇ ಕೇಳಿದೆ.

"ಬರ್ತೀನಿ. ಈ ಸಲ ಮಾತು ಅರ್ಧಕ್ಕೆ ಬಿಡ್ಬೇಡಿ ಅಕ್ಕ."

ಸಿಂಚನಾ, ಅಜ್ಜಿ ಬರುತ್ತಾಳೆಂದು ಹೇಳು. ಈ ಕಾಗದದ ಮೊದಲ ಸಾಲನ್ನೇ ಅಲ್ಲಿಯೂ ಮೊದಲು ಹೇಳುತ್ತೇನೆ. ಸಭೆಯ ಮುಂದಿನ ಸಾಲಿನಲ್ಲಿ ಗಿರಿಜಳಿಗೊಂದು ಕುರ್ಚಿ ಇಡಿ. ಮಧ್ಯಾಹ್ನ ಹಾಸ್ಟೆಲಿನಲ್ಲಿ ಅವಳಿಗೆ ಬಿಸಿ ಊಟ ಆಗಬೇಕು — ಯಾರೂ ಬಡಿಸಬೇಡಿ, ನಾನೇ ಬಡಿಸುತ್ತೇನೆ.